ದೇಹವು ಒಪ್ಪಿಕೊಂಡ ಪ್ಲಾಸ್ಟಿಕ್

(ಹೊಸಪೇಟೆ ತಾಲೂಕಿನ ಒಂದು ಗ್ರಾಮದಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮಾಡಿದ ಭಾಷಣ)



ಎರಡು ವರ್ಷಗಳ ಹಿಂದೆ, ಕಬ್ಬು ಕಡಿಯುವ ಕಾಲದಲ್ಲಿ, ಕಂಪ್ಲಿ ಕಡೆಯ ಒಂದು ಗ್ರಾಮದಿಂದ ಒಬ್ಬ ರೈತರು ತಮ್ಮ ಪತ್ನಿಯೊಡನೆ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಆಕೆಯ ಮಡಿಲಲ್ಲಿ ಎಂಟು ತಿಂಗಳ ಕೂಸು. ಸೆರಗು ಹಿಡಿದು ನಿಂತಿದ್ದುದು ಎರಡು ವರ್ಷದ ಮಗು. ಆಕೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಅಂಶ 8 ಗ್ರಾಂ ಮಾತ್ರ ಇದ್ದಿತು. ಮುಂದಿನ ಮಗುವಿಗೆ ಕನಿಷ್ಠ ಮೂರು ವರ್ಷಗಳ ಅಂತರವಿರಲೆಂದು ನಾನು ಕಾಪರ್-ಟಿ, ಅಂದರೆ ವಂಕಿ, ಹಾಕಿಸಿಕೊಳ್ಳಲು ಸಲಹೆ ಮಾಡಿದೆನು. ಆಕೆಗೆ ಮನಸ್ಸಿದ್ದಿತು. ಪತಿ ಮಾತ್ರ ನನ್ನನ್ನು ನೇರವಾಗಿ ನೋಡಿ, "ಸಾಹೇಬ್ರ, ಮಣ್ಣಾಗ ಹೂಳಿದ್ರೂ ಕೊಳೀದ ಪ್ಲಾಸ್ಟಿಕ್ಕು ಹೆಣ್ಮಗಳ ಹೊಟ್ಟ್ಯಾಗ ಇಟ್ರ ಸುಮ್ಮನಿರತೈತೇನ್ರೀ?" ಎಂದು ಕೇಳಿದರು.

ಹೊರಗೆ ಅರವತ್ತು ರೋಗಿಗಳು ಕಾದಿದ್ದರು. "ಸರಕಾರ ಕೊಡುವುದು, ಏನೂ ಆಗುವುದಿಲ್ಲ" ಎಂದು ಹೇಳಿ ನಾನು ಮುಂದಿನ ಚೀಟಿಯನ್ನು ಕರೆದೆನು. ಅದು ಉತ್ತರವಾಗಿರಲಿಲ್ಲ. ಅವರು ಎದ್ದುಹೋದರು.

ಐದು ತಿಂಗಳ ತರುವಾಯ ಆ ತಾಯಿ ಮೂರು ತಿಂಗಳ ಗರ್ಭಿಣಿಯಾಗಿ ಬಂದರು. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟೆವು; ಆದರೂ ಹೆರಿಗೆಯ ಹೊತ್ತಿಗೆ ರಕ್ತ ಸಾಲದೆ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಮೂರು ಚೀಲ ರಕ್ತ ಕೊಟ್ಟು ಜೀವ ಉಳಿಸಿದರು. ತಾಯಿ, ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ. ಅಂದು ಆ ರೈತರಿಗೆ ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳಲು ಬಂದಿದ್ದೇನೆ.

ಪ್ರಶ್ನೆ ಬಹಳ ಒಳ್ಳೆಯದು. ಮೊದಲು ಪ್ಲಾಸ್ಟಿಕ್ ಎಂದರೇನೆಂಬುದನ್ನು ನೋಡೋಣ. ಬುಟ್ಟಿಯಲ್ಲಿ ಬಿಡಿ ಮಲ್ಲಿಗೆ ಹೂಗಳಿದ್ದರೆ ಗಾಳಿಗೆ ಹಾರಿಹೋಗುತ್ತವೆ. ಅವನ್ನೇ ದಾರದಲ್ಲಿ ಕಟ್ಟಿದರೆ ಮಾರುದ್ದದ ಮಾಲೆಯಾಗುತ್ತದೆ. ಹಾಗೆಯೇ ಸಣ್ಣ ಸಣ್ಣ ಅಣುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಕೂಡಿಸಿ ಮಾಡಿದ ಸರಪಳಿಯೇ ಪಾಲಿಮರ್. ಎಥಿಲೀನ್ ಎಂಬುದು ಒಂದು ಅನಿಲ. ಅದರ ಅಣುಗಳನ್ನು ಹೀಗೆ ಪೋಣಿಸಿದರೆ ಪಾಲಿಥೀನ್ ಆಗುತ್ತದೆ. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ, ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿಯ ವಸ್ತುವಾಗಿ ಇದು ಕಾಣಿಸಿಕೊಂಡಿತು. ನೀವು ಬೆಳಿಗ್ಗೆ ಕತ್ತರಿಸುವ ಹಾಲಿನ ಪೊಟ್ಟಣ ಈ ಪಾಲಿಥೀನಿನದು. ವಂಕಿಯ ಮೈ ಕೂಡ ಪಾಲಿಥೀನಿನದೇ.

ಈ ಸರಪಳಿ ಬಲು ಬಿಗಿಯಾದುದು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದನ್ನು ಕಡಿಯಲು ಹಲ್ಲು ಸಿಗುವುದಿಲ್ಲ. ಆದುದರಿಂದಲೇ ಗದ್ದೆಯ ಬದುವಿನಲ್ಲಿ ಹೂತ ಪೊಟ್ಟಣ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಗದ್ದೆಗೆ ಅದು ಕೇಡು, ಒಪ್ಪುತ್ತೇನೆ. ಆದರೆ ದೇಹದೊಳಗೆ ಇದೇ ಗುಣ ಬೇಕಾದುದು. ದೇಹದ ರಸಗಳಿಗೂ ಅದು ಕರಗುವುದಿಲ್ಲ. ಕರಗದ ವಸ್ತು ರಕ್ತಕ್ಕೆ ಏನನ್ನೂ ಬಿಡುವುದಿಲ್ಲ, ಕೊಳೆಯುವುದೂ ಇಲ್ಲ. ಪೈರಿಗೆ ನೀರುಣಿಸುವ ಕರಿಯ ಪೈಪು ಬಿಸಿಲಿನಲ್ಲಿ ಕೆಲವು ವರ್ಷ ಬಿದ್ದರೆ ಪುಡಿಯಾಗುವುದನ್ನು ನೀವು ಕಂಡಿದ್ದೀರಿ. ಅದು ಬಿಸಿಲಿನ ಕೆಲಸ. ಬಿಸಿಲು ಸರಪಳಿಯನ್ನು ತುಂಡರಿಸುತ್ತದೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದನ್ನು ಮರೆಯುವಂತಿಲ್ಲ. ಸರಪಳಿ ಹೋದರೆ ಬಲವೇ ಹೋದಂತೆ. ಗರ್ಭಕೋಶದೊಳಗೆ ಬಿಸಿಲಿಲ್ಲ.

ಹಾಗಾದರೆ ಯಾವ ಪ್ಲಾಸ್ಟಿಕ್ಕನ್ನಾದರೂ ಒಳಗಿಡಬಹುದೇ? ಖಂಡಿತ ಕೂಡದು. ಪೇಟೆಯ ಬಕೆಟ್ಟಿಗೆ ಬಣ್ಣ, ಮೆದುಗೊಳಿಸುವ ಎಣ್ಣೆ, ಇನ್ನೇನೇನನ್ನೋ ಬೆರೆಸಿರುತ್ತಾರೆ. ಅವು ಹೊರಕ್ಕೆ ಜಿನುಗುತ್ತವೆ. ದೇಹ ಯಾವುದನ್ನು ಒಪ್ಪುತ್ತದೆ, ಯಾವುದನ್ನು ಒಪ್ಪುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ಅನೇಕರು ಆಯುಷ್ಯವನ್ನೇ ಸವೆಸಿದ್ದಾರೆ. ಈ ಸಂಗತಿ ಮೊದಲು ಸ್ಪಷ್ಟವಾಗಿ ಗೋಚರಿಸಿದ್ದು ಕಣ್ಣಿನಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಕಿಟಕಿಗಳನ್ನು ಗಾಜಿನ ಬದಲು ಅಕ್ರಿಲಿಕ್ ಎಂಬ ಗಟ್ಟಿ, ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಮಾಡಿದ್ದರು. ಗುಂಡು ತಾಗಿ ಅದು ಸಿಡಿದಾಗ ಚೂರುಗಳು ವಿಮಾನ ಚಾಲಕರ ಕಣ್ಣುಗಳಿಗೆ ನೆಟ್ಟವು. ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿಯವರು ಅಂತಹ ಕಣ್ಣುಗಳನ್ನು ಪರೀಕ್ಷಿಸುತ್ತ ಒಂದು ವಿಚಿತ್ರವನ್ನು ಗಮನಿಸಿದರು: ಚೂರು ಒಳಗೇ ಉಳಿದಿದ್ದರೂ ಕಣ್ಣು ಕೆರಳಿರಲಿಲ್ಲ. ಮುಂದೆ ಒಂದು ದಿನ ಅವರು ಪೊರೆಗಟ್ಟಿದ ಮಸೂರವನ್ನು ತೆಗೆಯುವುದನ್ನು ನೋಡುತ್ತಿದ್ದ ಒಬ್ಬ ವಿದ್ಯಾರ್ಥಿ, ತೆಗೆದ ಜಾಗಕ್ಕೆ ಬೇರೊಂದು ಮಸೂರವನ್ನು ಇಡುವುದಿಲ್ಲವೇ ಎಂದು ಕೇಳಿದನಂತೆ. ಆ ವೈದ್ಯರು ನನ್ನ ಹಾಗೆ ಮುಂದಿನ ಚೀಟಿಯನ್ನು ಕರೆಯಲಿಲ್ಲ. 1949ರ ನವೆಂಬರ್ 29ರಂದು ಸಂತ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ, ಆದರೆ ವಿಶೇಷವಾಗಿ ಶುದ್ಧೀಕರಿಸಿದ ಅಕ್ರಿಲಿಕ್ಕಿನ ಮಸೂರವನ್ನು ಕಣ್ಣೊಳಗೆ ಇರಿಸಿದರು. ಹೊರಗಿನ ವಸ್ತುವನ್ನು ಕಣ್ಣಿಗೆ ಸೇರಿಸುವುದು ಅಧರ್ಮವೆಂಬಂತೆ ಸಹೋದ್ಯೋಗಿಗಳು ಅನೇಕ ವರ್ಷ ವಿರೋಧಿಸಿದರು. ಮುಪ್ಪಿನಲ್ಲಿ ರಿಡ್ಲಿಯವರಿಗೇ ಪೊರೆ ಬಂದು, ಅವರ ಎರಡು ಕಣ್ಣುಗಳಿಗೂ ಅಂತಹ ಮಸೂರವನ್ನೇ ಹಾಕಲಾಯಿತು.

ನಮ್ಮ ನಾಡಿನ ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ನೆನಪಿರಬೇಕು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಅವರು ಊರೂರಿನ ಶಾಲೆ, ಛತ್ರಗಳಲ್ಲಿ ಶಿಬಿರ ಹೂಡಿ ಲಕ್ಷಾಂತರ ಬಡವರ ಪೊರೆ ತೆಗೆದರು. ಆ ಕಾಲದಲ್ಲಿ ಪೊರೆಯೊಡನೆ ಮಸೂರವೂ ಹೋಗುತ್ತಿತ್ತು. ಬದಲಿಗೆ ಸೋಡಾ ಬಾಟಲಿಯ ತಳದಂತಹ ದಪ್ಪ ಕನ್ನಡಕ. ಕನ್ನಡಕ ಒಡೆದರೆ ಮತ್ತೆ ಕುರುಡು. ಇಂದು ಒಳಗೇ ಮಸೂರವಿರುವುದರಿಂದ ಆ ಕಷ್ಟವಿಲ್ಲ. ವಿದೇಶದಿಂದ ಬರುತ್ತಿದ್ದಾಗ ಈ ಮಸೂರ ಬಡವರ ಕೈಗೆಟುಕುತ್ತಿರಲಿಲ್ಲ. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರ ಅರೋಲ್ಯಾಬ್ 1992ರಲ್ಲಿ ಅದನ್ನು ನಮ್ಮಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆ ಬಹುಪಾಲು ಇಳಿಯಿತು.

ಇನ್ನು ಕಣ್ಣಿನ ಮೇಲೆ ಇಡುವ ಮಸೂರ, ಅಂದರೆ ಕಾಂಟ್ಯಾಕ್ಟ್ ಲೆನ್ಸ್. ಅದರ ಕಥೆ ದಂಪತಿಗಳಾದ ನಿಮಗೆ ವಿಶೇಷವಾಗಿ ರುಚಿಸಬಹುದು.

ಗಟ್ಟಿ ಅಕ್ರಿಲಿಕ್ ಕಣ್ಣಿನ ಒಳಗೆ ಸರಿಹೋಗುತ್ತದೆ; ಕಣ್ಣಿನ ಮೇಲೆ ಇಟ್ಟರೆ ಚುಚ್ಚುತ್ತದೆ. ಅಲ್ಲದೆ ಕಣ್ಣಿನ ಕರಿಯ ಭಾಗದ ಮೇಲಿನ ಪಾರದರ್ಶಕ ಪದರಕ್ಕೆ ರಕ್ತನಾಳಗಳಿಲ್ಲ. ಅದು ಗಾಳಿಯಿಂದ, ಕಣ್ಣೀರಿನ ಮೂಲಕ, ಆಮ್ಲಜನಕವನ್ನು ಪಡೆಯುತ್ತದೆ. ಗಟ್ಟಿ ಬಿಲ್ಲೆ ಅದನ್ನು ತಡೆಯುತ್ತದೆ. 1952ರಲ್ಲಿ ಚೆಕೊಸ್ಲೊವಾಕಿಯಾ ದೇಶದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ, ಕಣ್ಣಿನ ಚಿಕಿತ್ಸೆಗೆ ಲೋಹವನ್ನು ಬಳಸುವ ಬಗ್ಗೆ ಸಹಪ್ರಯಾಣಿಕರೊಬ್ಬರು ಓದುತ್ತಿದ್ದುದನ್ನು ಕಂಡರು. ಲೋಹಕ್ಕಿಂತ ನೀರನ್ನು ಹೀರಿಕೊಳ್ಳುವ ಪ್ಲಾಸ್ಟಿಕ್ ದೇಹಕ್ಕೆ ಒಗ್ಗುವುದಲ್ಲವೇ ಎಂಬ ಯೋಚನೆ ಅಲ್ಲಿ ಮೊಳೆಯಿತು. ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ನೆನೆಹಾಕಿದರೆ ಅದರ ಸುತ್ತ ಲೋಳೆಯ ಗುಂಡಿ ಕಟ್ಟುವುದಲ್ಲವೇ? ಹಾಗೆ ನೀರು ಕುಡಿದು ಉಬ್ಬುವ, ಆದರೆ ಕರಗದ ಪ್ಲಾಸ್ಟಿಕ್. ಸಹೋದ್ಯೋಗಿ ದ್ರಹೊಸ್ಲಾವ್ ಲಿಮ್ ಅವರೊಡನೆ ಅವರು ಅಂತಹುದೊಂದನ್ನು ತಯಾರಿಸಿ 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಗಟ್ಟಿ ಅಕ್ರಿಲಿಕ್ಕಿನ ದಾಯಾದಿಯೇ. ಆದರೆ ಅದರ ಸರಪಳಿಯಲ್ಲಿ ಅಲ್ಲಲ್ಲಿ ನೀರನ್ನು ಹಿಡಿಯುವ ಕೊಕ್ಕೆಗಳಿವೆ. ನೂರು ಪಾಲು ತೂಕದಲ್ಲಿ ಸುಮಾರು 38 ಪಾಲು ನೀರು. ನೆನೆದಾಗ ಕಣ್ಣಿನ ಮೇಲೆ ಮೆತ್ತಗೆ ಕೂರುತ್ತದೆ.

ವಸ್ತು ಸಿಕ್ಕಿತು, ಅದನ್ನು ಬಿಲ್ಲೆ ಮಾಡುವ ದಾರಿ ಸಿಗಲಿಲ್ಲ. ಅಚ್ಚಿನಲ್ಲಿ ಹೊಯ್ದರೆ ಅಂಚು ಹರಿಯುತ್ತಿತ್ತು. ಸಂಸ್ಥೆಯಲ್ಲಿ ಈ ಕೆಲಸ ನಿಲ್ಲಿಸಿಬಿಡಿ ಎಂಬ ಆಜ್ಞೆಯೂ ಬಂದಿತು. ಆಗ ವಿಖ್ಟರ್ಲೆಯವರು 1961ರ ಕ್ರಿಸ್‌ಮಸ್ ರಜೆಯಲ್ಲಿ, ತಮ್ಮ ಮನೆಯ ಅಡುಗೆ ಮೇಜಿನ ಮೇಲೆ, ಮಕ್ಕಳು ಆಡುವ ಲೋಹದ ಪಟ್ಟಿ, ಚಕ್ರಗಳ ಆಟಿಕೆಯಿಂದ ಒಂದು ಯಂತ್ರವನ್ನು ಕಟ್ಟಿದರು. ಅದನ್ನು ತಿರುಗಿಸಲು ಸೈಕಲ್ಲಿನ ದೀಪದ ಡೈನಮೊ. ತಿರುಗುವ ಸಣ್ಣ ಬಟ್ಟಲಿಗೆ ದ್ರವವನ್ನು ಹನಿಸಿದರೆ ಅದು ಅಂಚಿಗೆ ಹರಡಿ, ತಾನಾಗಿಯೇ ಮಸೂರದ ಆಕಾರ ತಾಳಿ ಗಟ್ಟಿಯಾಗುತ್ತಿತ್ತು. ಕುಂಬಾರರ ತಿಗರಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುವುದು. ಮೊದಲು ನಾಲ್ಕು ಮಸೂರಗಳಾದವು. ಅನಂತರ ಪತಿ ಪತ್ನಿ ಇಬ್ಬರೂ ಕೂತು ಮನೆಯಲ್ಲಿಯೇ, ನಾಲ್ಕೇ ತಿಂಗಳುಗಳಲ್ಲಿ, 5,500 ಮಸೂರಗಳನ್ನು ತಯಾರಿಸಿದರು. 1971ರಲ್ಲಿ ಅಮೆರಿಕದ ಸರಕಾರ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ಪ್ರಪಂಚದ ಕೋಟ್ಯಂತರ ಜನರ ಕಣ್ಣುಗಳ ಮೇಲಿರುವ ಮೆತ್ತನೆಯ ಲೆನ್ಸಿನ ಮೂಲ ಆ ಅಡುಗೆಮನೆ.

ಈ ಲೆನ್ಸಿನ ಗುಣವೇ ಅದರ ದೋಷವೂ ಹೌದು. ನೀರು ಕುಡಿಯುವ ವಸ್ತು ಕೊಳೆನೀರನ್ನೂ ಕುಡಿಯುತ್ತದೆ. ಸಂಡೂರಿನ ಕಡೆಗೆ ಮದುವೆಯಾಗಿ ಬಂದ ಇಪ್ಪತ್ತೊಂದು ವರ್ಷದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಹೆಣ್ಣು ನೋಡಲು ಬಂದಾಗ ಕನ್ನಡಕ ಹಾಕಿರಬಾರದೆಂದು ತವರಿನವರು ಲೆನ್ಸ್ ಕೊಡಿಸಿದ್ದರು. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ರಾತ್ರಿ ದೀಪ ಆರಿದ ಮೇಲೆ ತೆಗೆದು ಬಟ್ಟಲಲ್ಲಿ ನಲ್ಲಿ ನೀರು ಹಾಕಿ ಇಡುವುದು. ಎಷ್ಟೋ ರಾತ್ರಿ ತೆಗೆಯದೆಯೇ ಮಲಗುವುದು. ಅದಿರಿನ ಧೂಳು ಬೇರೆ. ಕಣ್ಣು ಕೆಂಪಾಗಿ, ನೋವಿನಿಂದ ಬೆಳಕನ್ನೇ ನೋಡಲಾಗದೆ ನಮ್ಮಲ್ಲಿಗೆ ಬಂದಾಗ ಕರಿಯ ಭಾಗದ ಮೇಲೆ ಬಿಳಿಯ ಚುಕ್ಕೆ ಎದ್ದಿತ್ತು. ಬಳ್ಳಾರಿಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆಯಾಗಿ ಕಣ್ಣು ಉಳಿಯಿತು, ಕಲೆ ಉಳಿದೇ ಹೋಯಿತು. ಲಾರಿ ಓಡಿಸುವ ಆಕೆಯ ಗಂಡ, "ಕನ್ನಡಕ ಹಾಕ್ಕೊಂಡಿದ್ರ ನಾ ಏನು ಬ್ಯಾಡ ಅಂತಿದ್ನೇನ್ರೀ?" ಎಂದು ನನ್ನನ್ನೇ ಕೇಳಿದನು. ಅವನು ಕೇಳಬೇಕಾದುದು ತವರಿನವರನ್ನು, ತನ್ನ ಮನೆಯವರನ್ನು. ಲೆನ್ಸ್ ಇರುವವರು ಅದಕ್ಕೆಂದೇ ಸಿಗುವ ದ್ರಾವಣದಲ್ಲಿಯೇ ತೊಳೆದಿಡಬೇಕು; ನಲ್ಲಿ ನೀರು, ಕಾಲುವೆ ನೀರು, ಎಂಜಲು ಕೂಡದು. ಹಾಕಿಕೊಂಡು ಮಲಗಬಾರದು. ಕಣ್ಣು ಕೆಂಪಾದ ಗಳಿಗೆಯೇ ತೆಗೆದು ವೈದ್ಯರಲ್ಲಿಗೆ ಬರಬೇಕು. ಧೂಳಿನಲ್ಲಿ ದುಡಿಯುವವರಿಗೆ ಕನ್ನಡಕವೇ ಮೇಲು.

ಇನ್ನು ವಂಕಿಯ ವಿಷಯಕ್ಕೆ ಬರೋಣ. 1962ರ ಸುಮಾರಿಗೆ ಅಮೆರಿಕದ ಡಾ. ಜ್ಯಾಕ್ ಲಿಪ್ಪೆಸ್ ಅವರು ಪಾಲಿಥೀನಿನಿಂದ ಹಾವಿನ ತಿರುವಿನಂತಹ ಸಾಧನವನ್ನು ರೂಪಿಸಿದರು. ಪಾಲಿಥೀನನ್ನು ನೆಟ್ಟಗೆ ಎಳೆದು ಸಣ್ಣ ಕೊಳವೆಯಲ್ಲಿ ತೂರಿಸಬಹುದು. ಒಳಗೆ ಬಿಟ್ಟ ಕೂಡಲೇ ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಹಿಂದಿನ ಲೋಹದ ಉಂಗುರಗಳಿಗೆ ಈ ಗುಣವಿರಲಿಲ್ಲ. ಬಾಗಿದ ತೋಳಬಂದಿಯ ಹೆಸರೇ ನಮ್ಮಲ್ಲಿ ಇದಕ್ಕೂ ಬಂದು ವಂಕಿಯಾಯಿತು. 1965ರಲ್ಲಿ ಭಾರತದಲ್ಲೆಲ್ಲ ಇದರ ಪ್ರಚಾರವಾಯಿತು. ಆದರೆ ಅವಸರದಲ್ಲಿ, ಸರಿಯಾಗಿ ಪರೀಕ್ಷಿಸದೆ ಹಾಕಿದ ಕಡೆಗಳಲ್ಲಿ ರಕ್ತಸ್ರಾವ, ನೋವು ಕಾಣಿಸಿತು. ಹಾಕಿದವರು ಮತ್ತೆ ಬಂದು ವಿಚಾರಿಸಲಿಲ್ಲ. ವಂಕಿಗೆ ಕೆಟ್ಟ ಹೆಸರು ಬಂದಿತು. ನಿಮ್ಮ ಅಜ್ಜಿಯರು ಹೇಳುವ ಭಯದ ಕಥೆಗಳಲ್ಲಿ ಕೆಲವಕ್ಕೆ ಇದೇ ಮೂಲ. ಅವರು ಸುಳ್ಳು ಹೇಳುತ್ತಿಲ್ಲ.

ಆಮೇಲಿನದು ಬೇರೆ. 1960ರ ದಶಕದ ಕೊನೆಯಲ್ಲಿ ಹೊವಾರ್ಡ್ ಟೇಟಮ್ ಅವರು ಗರ್ಭಕೋಶದ ಒಳಾವರಣಕ್ಕೆ ಹೊಂದುವ ಟಿ ಆಕಾರವನ್ನು ಆರಿಸಿದರು. ನೋವು ಕಡಿಮೆಯಾಯಿತು; ಆದರೆ ಬರಿಯ ಪ್ಲಾಸ್ಟಿಕ್ ಟಿ ತೊಟ್ಟ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು 18 ಮಂದಿ ಗರ್ಭಿಣಿಯರಾದರು. ಚಿಲಿ ದೇಶದ ಹೈಮೆ ಜಿಪ್ಪರ್ ಅವರು ತಾಮ್ರವು ಗರ್ಭ ನಿಲ್ಲುವುದನ್ನು ತಡೆಯುತ್ತದೆಂದು ಮೊಲಗಳಲ್ಲಿ ಕಂಡುಕೊಂಡಿದ್ದರು. ಇಬ್ಬರ ಕೆಲಸವೂ ಕೂಡಿ ಕಾಪರ್-ಟಿ ಆಯಿತು. ನಮ್ಮಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ 380-ಎ ಯಲ್ಲಿ 380 ಚದರ ಮಿಲಿಮೀಟರಿನಷ್ಟು ತಾಮ್ರದ ಮೇಲ್ಮೈ ಇದೆ. ತಾಮ್ರ ಪುರುಷಬೀಜವನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ಲಾಸ್ಟಿಕ್ ಅದನ್ನು ಹಿಡಿದುಕೊಂಡು ಸುಮ್ಮನಿರುತ್ತದೆ. ಹತ್ತು ವರ್ಷ ಕೆಲಸ ಮಾಡುತ್ತದೆ. ಮೊದಲ ವರ್ಷದಲ್ಲಿ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಗರ್ಭ ನಿಲ್ಲಬಹುದು. ಪ್ಲಾಸ್ಟಿಕ್ಕಿಗೆ ಬೇರಿಯಂ ಲವಣವನ್ನು ಬೆರೆಸಿರುವುದರಿಂದ ಎಕ್ಸ್-ರೇಯಲ್ಲಿ ಕಾಣುತ್ತದೆ.

ಅದರ ತುದಿಯ ದಾರದ ಮೇಲೂ ಒಂದು ಮಾತು ಹೇಳಲೇಬೇಕು. 1971ರಲ್ಲಿ ಅಮೆರಿಕದಲ್ಲಿ ಡಾಲ್ಕನ್ ಶೀಲ್ಡ್ ಎಂಬ ಬೇರೊಂದು ಸಾಧನ ಮಾರಾಟಕ್ಕೆ ಬಂದಿತು. ಅದರ ದಾರ ನೂರಾರು ಎಳೆಗಳನ್ನು ಕೂಡಿಸಿ ಕವಚ ಹಾಕಿದುದು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಎಳೆಗಳ ನಡುವಿನಿಂದ ರೋಗಾಣುಗಳು ಮೇಲಕ್ಕೇರಿದವು. ಅನೇಕ ಹೆಂಗಸರು ನರಳಿದರು, ಕೆಲವರು ಸತ್ತರು. 1974ರಲ್ಲಿ ಮಾರಾಟ ನಿಂತಿತು. ನಮ್ಮ ಕಾಪರ್-ಟಿಯ ದಾರ ಪಾಲಿಥೀನಿನ ಒಂಟಿ ಎಳೆ. ಮೀನಿನ ಗಾಳದ ದಾರದಂತೆ. ಅದರಲ್ಲಿ ಬತ್ತಿಯ ಗುಣವಿಲ್ಲ.

ವಂಕಿ ಎದೆಗೆ ಏರುತ್ತದೆಯೇ? ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಸಾವಿರದಲ್ಲಿ ಒಬ್ಬರಿಗೆ, ಹಾಕುವಾಗ, ಗರ್ಭಕೋಶದ ಗೋಡೆಯನ್ನು ಚುಚ್ಚುವ ಸಂಭವವುಂಟು. ಆದುದರಿಂದ ತರಬೇತಾದವರೇ ಹಾಕಬೇಕು. ಕೆಲವರಿಗೆ ತಾನಾಗಿಯೇ ಜಾರಿ ಹೊರಬೀಳುವುದುಂಟು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ಸ್ರಾವ, ನೋವು ಹೆಚ್ಚಬಹುದು. ರಕ್ತಹೀನತೆಯಿದ್ದವರು ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಗರ್ಭದ ಸಂದೇಹ, ಜನನಾಂಗದ ಸೋಂಕು, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಹಾಕುವುದಿಲ್ಲ. ಹೆರಿಗೆಯಾದ 48 ಗಂಟೆಗಳೊಳಗೆ, ಇಲ್ಲವೇ ಆರು ವಾರಗಳ ಮೇಲೆ ಹಾಕಬಹುದು. ಮೊಹರು ಮಾಡಿದ ಪೊಟ್ಟಣವನ್ನು ನಿಮ್ಮೆದುರಿಗೇ ತೆರೆಯಲು ಹೇಳಿರಿ. ಹಾಕಿಸಿಕೊಂಡ ಮೇಲೆ ಮುಟ್ಟು ನಿಂತರೆ, ಕೆಳಹೊಟ್ಟೆ ನೋವು, ಜ್ವರ, ದುರ್ವಾಸನೆಯ ಸ್ರಾವ ಕಂಡರೆ, ದಾರ ಕೈಗೆ ಸಿಗದಿದ್ದರೆ ಅದೇ ದಿನ ಬನ್ನಿರಿ.

ಗಂಡಸರಿಗೂ ಒಂದೆರಡು ಮಾತು. ನಿರೋಧ್ ಮಾಡುವ ರಬ್ಬರ್ ಹಾಲು ಮರದಲ್ಲಿ ಪ್ರಕೃತಿಯೇ ನೇಯ್ದ ಪಾಲಿಮರ್. ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ಕೇಂದ್ರ ಸರಕಾರದ ಸಂಸ್ಥೆಯ ಕಾರ್ಖಾನೆ 1985ರಿಂದ ಇದನ್ನು ತಯಾರಿಸುತ್ತಿದೆ. ಕೊಬ್ಬರಿ ಎಣ್ಣೆ, ಬೇರಾವ ಎಣ್ಣೆ ತಗುಲಿದರೂ ರಬ್ಬರಿನ ಬಲ ನಿಮಿಷಗಳಲ್ಲಿ ಕುಗ್ಗುತ್ತದೆ. ತಗಡಿನ ಮಾಡಿನ ಕೆಳಗೆ, ಟ್ರಂಕಿನಲ್ಲಿ, ನಮ್ಮ ಹೊಸಪೇಟೆಯ ಬೇಸಿಗೆಯಲ್ಲಿ ಇಟ್ಟರೂ ಹಾಗೆಯೇ. ತಂಪಾದ ಜಾಗದಲ್ಲಿಡಿ, ಪೊಟ್ಟಣದ ಮೇಲಿನ ತಾರೀಖನ್ನು ನೋಡಿ. ಗುಹ್ಯರೋಗಗಳನ್ನು ತಡೆಯುವುದೂ ಇದೊಂದೇ, ವಂಕಿ ತಡೆಯುವುದಿಲ್ಲ.

ಗಂಡಸರಿಗಾಗಿಯೇ ಒಂದು ಪಾಲಿಮರನ್ನು ನಮ್ಮ ದೇಶದವರೇ ಆದ ಪ್ರೊಫೆಸರ್ ಸುಜಯ್ ಕುಮಾರ್ ಗುಹಾ ಅವರು 1970ರ ದಶಕದಿಂದ ಬೆಳೆಸಿಕೊಂಡು ಬಂದಿದ್ದಾರೆ. ವೀರ್ಯನಾಳದೊಳಗೆ ಚುಚ್ಚುಮದ್ದಿನಂತೆ ತುಂಬಿದರೆ ಅದು ಒಳಗೋಡೆಗೆ ಅಂಟಿಕೊಂಡು ಹಾದುಹೋಗುವ ಪುರುಷಬೀಜಗಳನ್ನು ಕೆಡಿಸುತ್ತದೆ. ನೀರಿನ ಕೊಳವೆಗಳ ಒಳಮೈಗೆ ಪಾಲಿಮರ್ ಬಳಿದು ರೋಗಾಣುಗಳನ್ನು ಕೊಲ್ಲುವ ಯತ್ನದಿಂದ ಈ ಕಲ್ಪನೆ ಹುಟ್ಟಿತು. 303 ವಿವಾಹಿತ ಪುರುಷರ ಮೇಲಿನ ಪರೀಕ್ಷೆಯ ವರದಿ 2023ರಲ್ಲಿ ಪ್ರಕಟವಾಗಿದೆ. ಆಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ನಂಬಬೇಡಿರಿ. ಮಕ್ಕಳು ಸಾಕೆಂದು ನಿರ್ಧರಿಸಿದ ಗಂಡಸರಿಗೆ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆ ಈಗಲೇ ಇದೆ. ಅದಕ್ಕೆ ಬರುವವರು ಬಹಳ ವಿರಳ. ಹೆಂಡತಿಯನ್ನು ಕಳಿಸಿ ಹೊರಗೆ ಬೀಡಿ ಸೇದುತ್ತ ನಿಲ್ಲುವವರೇ ಹೆಚ್ಚು.

ಆ ಕಂಪ್ಲಿ ಕಡೆಯ ಮನೆಗೆ ಹೆರಿಗೆಯಾದ ಒಂದು ತಿಂಗಳ ಮೇಲೆ ಆಶಾ ಕಾರ್ಯಕರ್ತೆಯೊಡನೆ ಹೋಗಿದ್ದೆನು. ಜಗಲಿಯಲ್ಲಿ ರೈತರ ತಾಯಿ ಕನ್ನಡಕವಿಲ್ಲದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ವಿಚಾರಿಸಿದರೆ ಹಿಂದಿನ ವರ್ಷ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತೆಂದು ಹೇಳಿ, ಒಳಗಿನಿಂದ ಆಸ್ಪತ್ರೆಯ ಕಾರ್ಡನ್ನು ತಂದರು. ಮಸೂರದ ಪೊಟ್ಟಣದ ಚೀಟಿ ಅದಕ್ಕೆ ಅಂಟಿಸಿದ್ದಿತು. ನಾನು ಅದನ್ನು ಓದಿ ಹೇಳಿದೆನು. ರೈತರು ಬಹಳ ಹೊತ್ತು ತಾಯಿಯ ಕಣ್ಣನ್ನೇ ನೋಡಿ, "ಅವ್ವನ ಕಣ್ಣಾಗ ಇರೋದೂ ಪ್ಲಾಸ್ಟಿಕ್ಕೇನ್ರೀ?" ಎಂದರು. ಅವರ ಪತ್ನಿಗೆ ಬಳ್ಳಾರಿಯಲ್ಲಿ ಏರಿಸಿದ ರಕ್ತ ಬಂದುದೂ ಪ್ಲಾಸ್ಟಿಕ್ ಚೀಲದಲ್ಲಿಯೇ ಎಂದು ನೆನಪಿಸಿದೆನು. ಹಿಂದೆ ಗಾಜಿನ ಬಾಟಲಿಗಳಿದ್ದವು. ಚೀಲಗಳನ್ನು ನಮ್ಮ ದೇಶದಲ್ಲಿಯೇ ಮಾಡುವ ವಿಧಾನವನ್ನು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ರೂಪಿಸಿದರು.

ಮೇಲೆ ಹೇಳಿದ್ದೆಲ್ಲವನ್ನೂ ಆ ಜಗಲಿಯಲ್ಲಿ ಕುಳಿತು ಹೇಳಿದೆನು. ಅವರು ಒಪ್ಪಿದರು. ಆದರೆ ಆ ತಾಯಿ ಇನ್ನೂ ಒಂದು ಮಾತು ಕೇಳಿದರು: "ನನಗ ಬ್ಯಾಡ ಅನಿಸಿದ್ರ ತೆಗೀತೀರೇನ್ರೀ, ಇಲ್ಲಾ ಸರಕಾರದ್ದು ಅಂತೀರೇನ್ರೀ?" ಕೇಳಿದ ದಿನವೇ ತೆಗೆಯುತ್ತೇವೆ, ಕಾರಣವನ್ನು ಹೇಳಬೇಕಾಗಿಲ್ಲ, ತೆಗೆದ ಮೇಲೆ ಮೊದಲಿನಂತೆಯೇ ಗರ್ಭ ನಿಲ್ಲುತ್ತದೆ ಎಂದೆನು. ಹದಿನೈದು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದು ಹಾಕಿಸಿಕೊಂಡು ಹೋದರು. ಯಾವ ದಿನ ಹಾಕಿದ್ದು, ಯಾವ ವರ್ಷ ತೆಗೆಯತಕ್ಕದ್ದು ಎಂದು ಬರೆದ ಕಾರ್ಡನ್ನು ಕೊಟ್ಟೆವು. ಅತ್ತೆಯ ಕಣ್ಣಿನ ಕಾರ್ಡಿರುವ ಪೆಟ್ಟಿಗೆಯಲ್ಲಿಯೇ ಅದನ್ನೂ ಇಟ್ಟಿದ್ದಾರೆಂದು ಆಶಾ ಕಾರ್ಯಕರ್ತೆ ಹೇಳಿದರು.